ಅಪಸ್ವರದ ಮೂಲ

ಹಳೆಯ ವಸ್ತುವನ್ನು ಕೊಂಡವನು ಅದರೊಡನೆ ಅದರ ಪೂರ್ವಕರ್ಮವನ್ನೂ ಕೊಂಡಿರುತ್ತಾನೆ. ಎತ್ತನ್ನು ಕೊಳ್ಳುವಾಗ ಹಲ್ಲು ಹಿಡಿದು ನೋಡುವುದುಂಟು. ಮನೆಯನ್ನು ಕೊಳ್ಳುವಾಗ ಪತ್ರಗಳನ್ನು ಓದಿಸುವುದುಂಟು. ಹಾಡುವ ಯಂತ್ರಕ್ಕೆ ಹಲ್ಲೂ ಇಲ್ಲ, ಪತ್ರವೂ ಇಲ್ಲ. ಅದರ ಗುಣದೋಷಗಳು ತಿಳಿಯುವುದು ಅದು ಬಾಯಿ ತೆರೆದಾಗ. ಆ ವೇಳೆಗೆ ಹಣ ಕೈಬಿಟ್ಟಿರುತ್ತದೆ.

ತುಮಕೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ, ಅಂಚೆಯ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಅವರ ತಂದೆ ನಾಟಕದ ಕಂಪೆನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಮಗನಿಗೆ ಎಂಟು ತುಂಬುವ ಮೊದಲೇ ತೀರಿಕೊಂಡರು. ಅವರ ಭಾವಚಿತ್ರ ಒಂದೂ ಉಳಿಯಲಿಲ್ಲ. ಉಳಿದದ್ದು ಅರಗಿನ ಒಂದು ಗ್ರಾಮಫೋನ್ ತಟ್ಟೆ. ಅದರಲ್ಲಿ ನಟನ ಹಾಡಿನ ಹಿಂದೆ ನಡೆಯುವ ಹಾರ್ಮೋನಿಯಂ ಅವರದು. ಕೀಲಿ ಕೊಡುವ ಹಳೆಯ ಪೆಟ್ಟಿಗೆ ಎಂದೋ ಕೆಟ್ಟುಹೋಗಿ, ತಟ್ಟೆ ಐವತ್ತು ವರ್ಷ ಬಟ್ಟೆಯಲ್ಲಿ ಸುತ್ತಿಕೊಂಡು ಮೌನವಾಗಿತ್ತು.

ಅದನ್ನು ಮತ್ತೆ ಕೇಳಬೇಕೆಂಬ ಆಸೆಯಿಂದ ಹಿರಿಯರು ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ, ಸುಮಾರು ನಲವತ್ತು ವರ್ಷ ಬಳಸಿದ ತಿರುಗುಮಣೆ, ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರುಗಳನ್ನು ತಂದರು. ನಿಮಿಷಕ್ಕೆ 33⅓, 45, 78 ಸುತ್ತು, ಈ ಮೂರು ವೇಗಗಳೂ ಅದಕ್ಕೆ ಇದ್ದುವು. ಅಂಗಡಿಯವನು ಉಡುಗೊರೆಯಾಗಿ ಒಂದು ಎಲ್.ಪಿ. ತಟ್ಟೆಯನ್ನೂ ಕೊಟ್ಟನು. ಮನೆಯವರೆಲ್ಲ ಸುತ್ತ ಕುಳಿತರು. ತಂದೆಯ ತಟ್ಟೆ ತಿರುಗಿತು. ಕೇಳಿಬಂದದ್ದು ಹಂಚಿನ ಮೇಲೆ ಮರಳು ಉಜ್ಜಿದಂತಹ ಸದ್ದು. ತೋಳು ಹಗುರವಾಯಿತೇನೋ ಎಂದು ಹಿರಿಯರು ಅದರ ತಲೆಯ ಮೇಲೆ ಒಂದು ನಾಣ್ಯವಿಟ್ಟರು, ಫಲವಾಗಲಿಲ್ಲ. "ತಟ್ಟೆ ಸತ್ತಿದೆ" ಎಂದು ಮುಖ ತಿರುಗಿಸಿದರು.

ಪಾಲಿಟೆಕ್ನಿಕ್ ಓದುತ್ತಿದ್ದ ಮೊಮ್ಮಗನು ನಾಣ್ಯವನ್ನು ತೆಗೆದಿಟ್ಟು, "ತಾತ, ಕಾಯಿಲೆ ಯಾವುದೆಂದು ತಿಳಿಯದೆ ಔಷಧ ಬೇಡ. ಒಂದೊಂದನ್ನೇ ಬದಲಾಯಿಸಿ ನೋಡೋಣ" ಎಂದನು. ಅದಿದ್ದರೆ ಇದುಂಟು, ಅದಿಲ್ಲದಿದ್ದರೆ ಇದಿಲ್ಲ ಎಂದು ಕಾರಣವನ್ನು ನಿಶ್ಚಯಿಸುವುದಕ್ಕೆ ನಮ್ಮ ಶಾಸ್ತ್ರಜ್ಞರು ಅನ್ವಯವ್ಯತಿರೇಕವೆಂದು ಹೆಸರಿಟ್ಟರು. ಹುಡುಗನು ತರ್ಕಶಾಸ್ತ್ರವನ್ನು ಓದಿದವನಲ್ಲ; ಆದರೆ ಅವನು ಹಿಡಿದ ದಾರಿ ಅದೇ.

ಮೊದಲು ತಿರುಗುಮಣೆಯನ್ನು ಬಿಟ್ಟು, ಆಂಪ್ಲಿಫೈಯರಿಗೆ ರೇಡಿಯೋವನ್ನು ಜೋಡಿಸಿದನು. ಬಲಗಡೆ ಶುದ್ಧವಾಗಿತ್ತು, ಎಡಗಡೆ ಕೊರೆತವಿತ್ತು. ವಿದ್ಯುತ್ತನ್ನು ನಿಲ್ಲಿಸಿ ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿದನು. ಕೊರೆತವು ತಂತಿಯೊಡನೆ ಬಲಕ್ಕೆ ಹೋಗಿದ್ದರೆ ದೋಷ ಆಂಪ್ಲಿಫೈಯರಿನದಾಗುತ್ತಿತ್ತು. ಅದು ಎಡದಲ್ಲಿಯೇ ನಿಂತಿತು. ಆದಕಾರಣ ದೋಷ ಆ ಸ್ಪೀಕರಿನದೇ. ಜಾಲರಿ ತೆಗೆದು ನೋಡಿದರೆ, ಕಾಗದದ ಶಂಕುವನ್ನು ಚೌಕಟ್ಟಿಗೆ ಹಿಡಿದಿಡುವ ಸ್ಪಂಜಿನ ಬಳೆ ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣವಾಗಿತ್ತು. ಗಾಳಿಯ ತೇವದಿಂದ ಇಂತಹ ಸ್ಪಂಜು ಬಳಸದೆ ಇಟ್ಟರೂ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕೊಳೆಯುವುದುಂಟು. ಹೊಸ ಬಳೆಯನ್ನು ಅಂಟಿಸಿದ ಮೇಲೆ ರೇಡಿಯೋ ಎರಡು ಕಡೆಯೂ ತಿಳಿಯಾಯಿತು.

ಆಂಪ್ಲಿಫೈಯರು ಹೀಗೆ ನಿರ್ದೋಷಿಯಾಗುವುದು ಪುಣ್ಯದ ಮಾತು. ಗುಂಡಿ ತಿರುಗಿಸುವಾಗ ಮಾತ್ರ ಪರಪರ ಎಂದರೆ ಅದು ಧೂಳು. ಶುದ್ಧಿಮಾಡುವ ದ್ರವದಿಂದ ಹೋಗುತ್ತದೆ. ಎಡೆಬಿಡದೆ ಗುಂಯ್ಗುಟ್ಟಿದರೆ ಒಳಗಿನ ಕೆಪಾಸಿಟರುಗಳು ಒಣಗಿರಬಹುದು. ಅವು ವಿದ್ಯುತ್ತಿನ ಕುಂಭಗಳು. ತಂತಿ ಕಿತ್ತ ಮೇಲೂ ಪ್ರಾಣಾಂತಿಕವಾದಷ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಬಲ್ಲವು. ಅಲ್ಲಿಗೆ ಕೈಹಾಕುವುದು ಬಲ್ಲವರ ಕೆಲಸ.

ಆದರೆ ತಂದೆಯ ತಟ್ಟೆಯ ಒರಟುತನ ಇನ್ನೂ ಹಾಗೆಯೇ ಇತ್ತು. ಹುಡುಗನು ಎಲ್.ಪಿ. ತಟ್ಟೆಯನ್ನು ಹಾಕಿದನು, ಅದು ಸೊಗಸಾಗಿ ಹಾಡಿತು. ಮುಳ್ಳು ಸವೆದಿಲ್ಲವೆಂದಾಯಿತು. ಹಾಗಾದರೆ ಅರಗಿನ ತಟ್ಟೆಯ ಮೇಲೆ ಮಾತ್ರ ಏಕೆ ಕರ್ಕಶ? ಉತ್ತರ ಅಳತೆಯಲ್ಲಿತ್ತು. 1948ರಲ್ಲಿ ಎಲ್.ಪಿ. ತಟ್ಟೆಗಳು ಬಂದುದು ಬಹಳ ಕಿರಿದಾದ ಗೆರೆಗಳೊಡನೆ. ಅದಕ್ಕೆ ತಕ್ಕ ಮುಳ್ಳಿನ ತುದಿಯ ತ್ರಿಜ್ಯ ಅಂಗುಲದ ಸಾವಿರದಲ್ಲಿ 1 ಪಾಲಿಗೂ ಕಡಮೆ. 78ರ ತಟ್ಟೆಗೆ ಬೇಕಾದದ್ದು ಸುಮಾರು 3 ಪಾಲು. ಸಣ್ಣ ಮುಳ್ಳು ದೊಡ್ಡ ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಹೊರಳುತ್ತದೆ. ಅಗಸೆಬಾಗಿಲಿನ ಬೀಗಕ್ಕೆ ಪೆಟ್ಟಿಗೆಯ ಬೀಗದ ಕೈ ಹಾಕಿದಂತೆ! ತಕ್ಕ ಮುಳ್ಳನ್ನು ಅಂಚೆಯಲ್ಲಿ ತರಿಸಲಾಯಿತು.

ಆ ಸಂಜೆ ಹಾರ್ಮೋನಿಯಂ ಕೇಳಿತು. ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೂ ತಿಳಿಯುವಂತಿತ್ತು. ಆದರೆ ಹಾಡು ಏರಿದಲ್ಲೆಲ್ಲ ಸ್ವಲ್ಪ ಬಿರುಕು ಉಳಿದಿತ್ತು. ಹುಡುಗನು ಬಿಡದೆ ತಟ್ಟೆಯನ್ನು ಮಗುಚಿ ಹಾಕಿದನು. ಹಿಂಬದಿ ಆದ್ಯಂತ ತಿಳಿಯಾಗಿತ್ತು. "ತಾತ, ಯಂತ್ರದಲ್ಲಿ ಈಗ ದೋಷವಿಲ್ಲ. ಈ ಒಂದು ಬದಿಯೇ ಸವೆದಿದೆ. ಇದನ್ನು ಯಾರೋ ಬಹಳ ಸಲ ಹಾಕಿದ್ದಾರೆ" ಎಂದನು.

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆ ಕಾಲದ ಉಕ್ಕಿನ ಮುಳ್ಳನ್ನು ಒಂದು ಬದಿ ಮುಗಿದೊಡನೆ ಎಸೆಯಬೇಕೆಂಬುದು ನಿಯಮ. ಮೊಂಡಾದ ಮುಳ್ಳು ಗೆರೆಯನ್ನು ಕೆರೆಯುತ್ತದೆ. ಗಂಡ ಹೋದ ಮೇಲೆ ಅವರ ತಾಯಿಗೆ ಹೊಸ ಮುಳ್ಳಿಗೆ ಕಾಸಿರಲಿಲ್ಲ. ಒಂದೇ ಮುಳ್ಳನ್ನು ಸಾಣೆಯ ಕಲ್ಲಿಗೆ ತೀಡಿ ತೀಡಿ, ರಾತ್ರಿ ಮಕ್ಕಳು ಮಲಗಿದ ಮೇಲೆ, ತಟ್ಟೆಯ ಆ ಬದಿಯನ್ನೇ ಹಾಕಿ ಕೇಳುತ್ತಿದ್ದರು. ಹಾಸಿಗೆಯಲ್ಲಿ ಎಚ್ಚರವಾಗಿದ್ದ ಮಗನಿಗೆ ಅದು ಗೊತ್ತಿತ್ತು.

"ಹಳೆಯ ಸದ್ದನ್ನು ಸೋಸಿ ಶುದ್ಧಮಾಡುವ ಉಪಾಯ ಕಂಪ್ಯೂಟರಿನಲ್ಲಿ ಉಂಟು, ತಾತ. ಮಾಡಿಸಲೇ?" ಎಂದು ಹುಡುಗ ಕೇಳಿದನು.

"ಪ್ರತಿಯೊಂದನ್ನು ಮಾಡಿಡಪ್ಪ, ತಟ್ಟೆ ಇನ್ನೂ ಸವೆಯುವುದು ಬೇಡ. ಆದರೆ ಆ ಬಿರುಕನ್ನು ತೆಗೆಸಬೇಡ. ಅದು ನಮ್ಮಮ್ಮನದು" ಎಂದರು ಹಿರಿಯರು.

ದೋಷವೆಲ್ಲಕ್ಕೂ ಕಾರಣವುಂಟು, ಹುಡುಕಿದರೆ ಸಿಕ್ಕುತ್ತದೆ. ಸಿಕ್ಕಿದ ಕಾರಣಗಳಲ್ಲಿ ಕೆಲವನ್ನು ಪರಿಹರಿಸಬೇಕು, ಕೆಲವನ್ನು ಗುರುತಿಸಿ ನಮಸ್ಕರಿಸಬೇಕು. ಯಾವುದು ಯಾವ ಜಾತಿಯದೆಂದು ತಿಳಿಯುವುದಕ್ಕೂ ಮೊದಲು ಬೇಕಾದದ್ದು ತಾಳ್ಮೆಯ ಪರೀಕ್ಷೆಯೇ.