ಅಡಿಕೆ ಅಂಗಳದಲ್ಲಿ ಚಕ್ರದ ಮನೆ

ಚಳಿಗಾಲ ಬಂತೆಂದರೆ ಕೆನಡಾ, ಅಮೆರಿಕದ ನಿವೃತ್ತರು ಮೋಟಾರ್‌ಹೋಮ್ ಹತ್ತಿ ಮೆಕ್ಸಿಕೋದ ಕಡೆ ಇಳಿಯುತ್ತಾರೆ. ಊರಾಚೆಯ ಬಯಲಿನಲ್ಲೋ ಕಡಲ ದಂಡೆಯಲ್ಲೋ ಗಾಡಿ ನಿಲ್ಲಿಸಿ ಒಲೆ ಹಚ್ಚುತ್ತಾರೆ. ಗೆಳೆಯ ತನ್ನ ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದ್ದು ಅಂಥ ವಿಡಿಯೋಗಳನ್ನು ನೋಡಿಯೇ. ಪುತ್ತೂರು, ಕಡಬ, ಸುಳ್ಯ ಸುತ್ತುವುದು, ಯಾರ ಹಂಗೂ ಇಲ್ಲದೆ ಉಳಿಯುವುದು ಎಂದು ಮಾತಾಯಿತು.

ಆದರೆ ಈ ಸೀಮೆಯಲ್ಲಿ ಊರಾಚೆ ಎಂಬುದೇ ಇಲ್ಲವಲ್ಲ! ಬಯಲುಸೀಮೆಯಂತೆ ಮನೆಗಳೆಲ್ಲ ಒತ್ತೊತ್ತಾಗಿ ಕೂತು ಸುತ್ತ ಹೊಲ ಹಬ್ಬಿರುವುದಿಲ್ಲ ಇಲ್ಲಿ. ಮನೆಗೊಂದು ತೋಟ, ತೋಟದಾಚೆ ಗುಡ್ಡ, ಗುಡ್ಡ ಇಳಿದರೆ ಮತ್ತೊಂದು ಮನೆ. ಡಾಮರು ಬಿಟ್ಟು ನಾಲ್ಕು ಮಾರು ಒಳಗೆ ಹೋದರೆ ಯಾರದ್ದೋ ಅಂಗಳ, ಯಾರದ್ದೋ ನಾಯಿ.

ಪುತ್ತೂರಿನಲ್ಲಿ ಮಹಾಲಿಂಗೇಶ್ವರನಿಗೆ ಕೈ ಮುಗಿದು, ಪರ್ಲಡ್ಕದಲ್ಲಿ ಕಾರಂತರ ಬಾಲವನ ನೋಡಿ, ಕೆಮ್ಮಿಂಜೆಯ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯ ದಾರಿ ಹಿಡಿದೆವು. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ 1986ರಲ್ಲಿ ಈ ಕಾರ್ಖಾನೆ ತೆರೆಯಿತು. ಅಡಿಕೆ ಮರದ ನೆರಳಲ್ಲಿ ಬೆಳೆಯುವ ಕೊಕ್ಕೋದ ಬೀಜವನ್ನು ಮೆಕ್ಸಿಕೋದ ಅಜ್ಟೆಕರು ದುಡ್ಡಿನ ಬದಲಿಗೇ ಚಲಾಯಿಸುತ್ತಿದ್ದರು. ಇಲ್ಲಿ ಅದು ಎಷ್ಟೋ ತೋಟಗಳಲ್ಲಿ ಅಳಿಲಿಗೆ ಪಾಲು ಕೊಟ್ಟು ಉಳಿದ ಬೆಳೆ.

ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಯರ ಸಂಗಮ ದಾಟಿ ಆಲಂಕಾರಿನ ಮೇಲೆ ಕಡಬದತ್ತ ಹೊರಟಾಗ ಹೊಸ್ಮಠ ಸಿಗುತ್ತದೆ. ಇಲ್ಲಿನ ಹಳೆಯ ಮುಳುಗು ಸೇತುವೆ ಗೊತ್ತಿಲ್ಲದವರು ಈ ಕಡೆ ಕಡಿಮೆ. ಗುಂಡ್ಯ ಹೊಳೆ ಉಕ್ಕಿದರೆ ಬಸ್ಸುಗಳು ಎರಡೂ ದಡದಲ್ಲಿ ನಿಂತುಬಿಡುತ್ತಿದ್ದವು. ಈಗ ಎತ್ತರದ ಹೊಸ ಸೇತುವೆಯ ಮೇಲೆ ನಾವು ಒಂದೇ ಗೇರಿನಲ್ಲಿ ದಾಟಿದೆವು. ತಾಲೂಕು ಆದ ಮೇಲೆ ಕಡಬ ಪೇಟೆಗೆ ಕಚೇರಿಗಳ ಓಡಾಟ ಬಂದಿದೆ. ನಮಗೆ ಬೇಕಾದ ನೆರಳಿನ ಪಾರ್ಕಿಂಗ್ ಮಾತ್ರ ಸಿಗಲಿಲ್ಲ.

ಕತ್ತಲಾಗುವಾಗ ಪಂಜದ ಹತ್ತಿರ ಒಂದು ಮಣ್ಣು ರಸ್ತೆಯ ತಿರುವಿನಲ್ಲಿ ನಿಲ್ಲಿಸಿದೆವು. ಕುಕ್ಕರ್ ಇನ್ನೂ ಕೂಗಿರಲಿಲ್ಲ, ಟಾರ್ಚು ಹಿಡಿದು ಯಜಮಾನರೊಬ್ಬರು ಬಂದರು.

"ಎಲ್ಲಿಂದ ಬಂದದ್ದು? ಗಾಡಿ ಹಾಳಾಯಿತಾ?"

"ಇಲ್ಲ, ಇದರಲ್ಲೇ ಮಲಗುವುದು."

"ಎಂತಕ್ಕೆ ಮಾರಾಯ್ರೆ? ಮನೆ ಉಂಟಲ್ಲ!"

ಒಳದಾರಿಗೆ ಅಡ್ಡವಾಗಿ ಇಂಟರ್ನೆಟ್ ಕೇಬಲ್ ಜೋತುಬಿದ್ದಿತ್ತು, ನಮ್ಮ ಗಾಡಿಯ ತಲೆ ಅದಕ್ಕಿಂತ ಎತ್ತರ. ಅವರು ಕೊಟ್ಟಿಗೆಯಿಂದ ದೋಟಿ ತಂದು, ಕೇಬಲನ್ನು ಅದರ ತುದಿಯಲ್ಲಿ ಮೇಲಕ್ಕೆತ್ತಿ ಹಿಡಿದು, "ಬರಲಿ, ಬರಲಿ, ಸ್ವಲ್ಪ ಎಡಕ್ಕೆ" ಎನ್ನುತ್ತ ಗಾಡಿಯ ಜತೆ ಹಿಂದೆ ಹಿಂದೆ ನಡೆದರು. ಅಂಗಳದ ತುಂಬ ಅಡಿಕೆ ಹರವಿತ್ತು. ನಮಗೋಸ್ಕರ ಒಂದು ಮೂಲೆಯ ಅಡಿಕೆಯನ್ನು ಒತ್ತರಿಸಿ ಜಾಗ ಮಾಡಿದರು. ಆಸರಿಗೆ ಬೆಲ್ಲ ನೀರು ಬಂತು, ಆಮೇಲೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ನಮ್ಮ ಅನ್ನ ಕುಕ್ಕರಿನಲ್ಲೇ ತಣ್ಣಗಾಯಿತು.

ಬೆಳಿಗ್ಗೆ ತೋಟದ ಬದಿಯಲ್ಲಿ ಗೊಬ್ಬರದ ಗಿಡಕ್ಕೆ ಹಬ್ಬಿದ ಒಂದು ದಪ್ಪ ಬಳ್ಳಿ ಕಂಡಿತು. ವೆನಿಲ್ಲಾ. ಗಿಡ, ಬಳ್ಳಿ ಎರಡರದ್ದೂ ತವರು ಮೆಕ್ಸಿಕೋ ಕಡೆಯೇ. ಅಲ್ಲಿಯ ಕೀಟ ಇಲ್ಲಿಲ್ಲದ ಕಾರಣ ಹೂವು ಅರಳಿದ ಬೆಳಿಗ್ಗೆಯೇ ಒಂದೊಂದಕ್ಕೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು, ಮಧ್ಯಾಹ್ನಕ್ಕೆ ಹೂವು ಬಾಡುತ್ತದೆ. 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಈ ಸುಲಭದ ಉಪಾಯ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಹುಡುಗ. 2003ರ ಸುಮಾರಿಗೆ ಹಸಿ ಕೋಡಿಗೂ ಕಿಲೋಗೆ ಸಾವಿರಗಟ್ಟಲೆ ರೇಟು, ರಾತ್ರಿ ತೋಟಕ್ಕೆ ಕಾವಲು. ಸ್ವಲ್ಪದರಲ್ಲೇ ರೇಟು ಬಿತ್ತು. "ಈಗ ಕದಿಯಲಿಕ್ಕೂ ಯಾರೂ ಬರುವುದಿಲ್ಲ" ಎಂದು ಯಜಮಾನರು ನಕ್ಕರು.

ನಿಂತಿಕಲ್ಲು ದಾಟಿ ಬೆಳ್ಳಾರೆ. 1837ರ ಅಮರ ಸುಳ್ಯ ದಂಗೆಯಲ್ಲಿ ರೈತರು ಕಂಪನಿಯ ಖಜಾನೆ ವಶಪಡಿಸಿಕೊಂಡ ಊರು. ಚಹಾ ಕುಡಿಯುವಷ್ಟು ಹೊತ್ತು ನಿಂತೆವು, ಇನ್ನಷ್ಟು ಹೊತ್ತು ಕೊಡಬೇಕಿದ್ದ ಊರದು.

ಸುಳ್ಯದ ಸುತ್ತ ಅಡಿಕೆಯ ಜತೆ ರಬ್ಬರ್ ಗುಡ್ಡಗಳು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಲಂಕೆಯಿಂದ ಮರಳಿದ ತಮಿಳರಿಗೆ ಸರ್ಕಾರ ಕೆಲಸ ಕೊಟ್ಟದ್ದು ಇಂಥ ತೋಪುಗಳಲ್ಲಿ. ಟ್ಯಾಪಿಂಗ್ ಮುಗಿಸಿ ಬಕೆಟ್ ಹಿಡಿದು ಹಾಲು ಸೇರಿಸುತ್ತಿದ್ದ ಅಕ್ಕ ಒಬ್ಬರು ಕಿಟಕಿಯಲ್ಲಿ ಇಣುಕಿ, ಮಂಚ, ಒಲೆ ಎಲ್ಲ ನೋಡಿ, "ನಮ್ಮ ಲೈನ್ ಮನೆಗಿಂತ ಚೆಂದ ಉಂಟು" ಎಂದರು. ಏನು ಹೇಳುವುದೆಂದು ತೋಚಲಿಲ್ಲ.

ಜಾಲ್ಸೂರಿನಿಂದ ಗಡಿ ದಾಟಿ ಕಾಸರಗೋಡಿಗೆ ಹೋಗೋಣವೆಂದು ಗೆಳೆಯನ ಆಸೆ. 2021ರಿಂದ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆ ಪ್ರೋತ್ಸಾಹ ಕೊಡುತ್ತಿದೆ, ಕ್ಯಾರವಾನ್ ಪಾರ್ಕಿನಲ್ಲಿ ಪ್ಲಗ್ಗು, ನಲ್ಲಿ, ಗೇಟು ಎಲ್ಲ ಇರುತ್ತದೆ ಎಂದ. ನಾನು ಅರಂತೋಡಿನ ರಸ್ತೆ ತೋರಿಸಿದೆ. ತೊಡಿಕಾನದಲ್ಲಿ ಪಂಜದ ಯಜಮಾನರ ಷಡ್ಡಕರ ಮನೆ ಇತ್ತು. ಅಂಗಳದ ಅಡಿಕೆ ಒತ್ತರಿಸಿಡಿ ಎಂದು ಅವರಿಗೆ ಆಗಲೇ ಫೋನ್ ಹೋಗಿತ್ತು.