ಕೇರಿ ದಾರಿಗೊಂದು ಹೆಡ್‌ಲೈಟು



ಅಣ್ಣನ ಮಗನ ಬೈಕಿಗೆ ಹೆಡ್‌ಲೈಟ್ ಬದಲಾಯಿಸಿದ ಫೋಟೋ ಹಾಕಿದ್ದೆ. "ಸಂಘಟನೆ ಬಿಟ್ಟು ಗ್ಯಾರೇಜ್ ಇಟ್ರಾ ಅಣ್ಣಾ?" ಅಂತ ಕೆಲವರು ಕಾಲೆಳೆದ್ರು. ಹುಡುಗರು ಮಾತ್ರ ಇನ್‌ಬಾಕ್ಸಿಗೆ ಬಂದು ಯಾವ ಲೈಟು, ಎಷ್ಟು ವ್ಯಾಟು, ಪೊಲೀಸ್ನೋರು ಹಿಡಿಯಲ್ವಾ ಅಂತ ಕೇಳಿದ್ರು. ಇಬ್ಬರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಬೈಕು ಎಲೆಕ್ಟ್ರಿಕ್. ಮಣ್ಣುರಸ್ತೆ, ಹಳ್ಳ-ಗುಂಡಿ ನೋಡದೆ ಹೋಗೋ ಡರ್ಟ್ ಬೈಕ್ ನಮೂನೆಯದು. ನಂಬರ್ ಪ್ಲೇಟ್ ಇದೆ, ಇನ್ಶೂರೆನ್ಸ್ ಇದೆ. ಹುಡುಗ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡ್ತಾನೆ. ರಾತ್ರಿ ಪಾಳಿ ಮುಗಿಸಿ ಹೈವೇಗೆ ಬಂದ್ರೆ ಶಿರಾ ಕಡೆಯಿಂದ ಬರೋ ಲಾರಿಗಳ ಹೈಬೀಮ್ ಕಣ್ಣಿಗೆ ಕುಕ್ತದೆ. ಅಲ್ಲಿಂದ ಕೇರಿ ದಾರಿಗೆ ತಿರುಗಿದ್ರೆ ಗವ್ ಅನ್ನೋ ಕತ್ತಲು. ಬೀದಿದೀಪದ ಕಂಬಗಳು ಊರಿನ ಕೊನೇ ಮನೆ ಹತ್ರಾನೇ ನಿಂತುಬಿಡ್ತವೆ. ಮುಂದಕ್ಕೂ ಕಂಬ ಹಾಕಿ ಅಂತ ಮೂರು ಸಲ ಅರ್ಜಿ ಕೊಟ್ಟಿದ್ದೀವಿ. ಮೂರು ಸಲಾನೂ ಸ್ವೀಕೃತಿ ಸೀಲು ಬಿತ್ತು, ಕಂಬ ಬರಲಿಲ್ಲ. ನಾನೂ ಗುಮಾಸ್ತನೇ, ಸೀಲಿನ ಬೆಲೆ ಎಷ್ಟು ಅಂತ ನನಗೂ ಗೊತ್ತು.

ಇಂಥ ಬೈಕುಗಳಲ್ಲಿ ತೂಕ ಉಳಿಸೋಕೆ ಅಂತ ಸಣ್ಣ ಲೈಟು ಕೊಟ್ಟಿರ್ತಾರೆ. ನಮ್ಮ ದಾರಿಗೆ ಅದು ಸಾಲದು. ಹುಡುಗ ಆನ್‌ಲೈನಲ್ಲಿ 100 ವ್ಯಾಟಿನ ಲೈಟ್ ಬಾರ್ ನೋಡಿಟ್ಟಿದ್ದ. "ಹಗಲಾಗಬೇಕು ಚಿಕ್ಕಪ್ಪಾ" ಅಂದ. ಮೊದಲು ಲೆಕ್ಕ ಹಾಕೋಣ ಕೂತ್ಕೋ ಅಂದೆ.

ಎಲೆಕ್ಟ್ರಿಕ್ ಬೈಕಿನ ದೊಡ್ಡ ಬ್ಯಾಟರಿ ವೋಲ್ಟೇಜನ್ನ ಲೈಟಿಗೆ ನೇರ ಕೊಡೋ ಹಾಗಿಲ್ಲ. ಮಧ್ಯೆ ಒಂದು ಡಿಸಿ-ಡಿಸಿ ಕನ್ವರ್ಟರ್ ಕೂತು ಅದನ್ನ 12 ವೋಲ್ಟಿಗೆ ಇಳಿಸ್ತದೆ. ಆ ಕನ್ವರ್ಟರ್ 5 ಆಂಪಿಯರ್ ತಡೀತದೆ ಅಂದ್ರೆ ಒಟ್ಟು 60 ವ್ಯಾಟು. ಅದರಲ್ಲೇ ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು, ಮೀಟರು ಎಲ್ಲಾ ಬದುಕಬೇಕು. ಹೆಡ್‌ಲೈಟಿಗೆ ಉಳಿಯೋದು ಮೂವತ್ತೋ ಮೂವತ್ತೈದೋ. ಇದಕ್ಕೆ 100 ವ್ಯಾಟ್ ಸಿಕ್ಕಿಸಿದ್ರೆ ಕನ್ವರ್ಟರ್ ಕೈಕೊಟ್ಟು ಮುಂದಿನ ದೀಪ, ಹಿಂದಿನ ದೀಪ ಎರಡೂ ನಡುರಸ್ತೇಲಿ ಆರಿಹೋಗಬಹುದು. ಹಿಂದೆ ಲಾರಿ ಇದ್ದಾಗ ಹಾಗಾದ್ರೆ ಏನು ಗತಿ?

ಬ್ಯಾಟರಿ ಬೇಗ ಖಾಲಿ ಆಗ್ತದೆ ಅನ್ನೋ ಭಯ ಮಾತ್ರ ಬೇಡ. 30 ವ್ಯಾಟಿನ ದೀಪ ಒಂದು ಗಂಟೆ ಉರಿದ್ರೆ 30 ವ್ಯಾಟ್-ಅವರ್. ಇಂಥ ಬೈಕು ಒಂದು ಕಿಲೋಮೀಟರ್ ಓಡೋಕೆ ಹೆಚ್ಚುಕಮ್ಮಿ ಅಷ್ಟೇ ಬೇಕು. ಅಂದ್ರೆ ಒಂದು ಗಂಟೆ ಬೆಳಕಿಗೆ ಒಂದು ಕಿಲೋಮೀಟರ್ ಖರ್ಚು, ಅಷ್ಟೇ.

ಇನ್ನು ಕಾನೂನು. ಕಣ್ಣು ಕುಕ್ಕೋ ಎಲ್‌ಇಡಿ ಹಾಕಿದೋರ ಮೇಲೆ 2024ರ ಜುಲೈ 1ರಿಂದ ಕೇಸು ಹಾಕಿ ಅಂತ ಆಗಿನ ಎಡಿಜಿಪಿ ಅಲೋಕ್ ಕುಮಾರ್ ರಾಜ್ಯದ ಪೊಲೀಸರಿಗೆ ಸೂಚನೆ ಕೊಟ್ಟಿದ್ರು. ಮೋಟಾರು ವಾಹನ ಕಾಯ್ದೆ 177ನೇ ಸೆಕ್ಷನ್ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1500ವರೆಗೆ ದಂಡ. ಯಾರ ಗಾಡಿ ಮೊದಲು ನಿಲ್ಲಿಸ್ತಾರೆ, ಯಾವ ಕೇರಿ ಹುಡುಗನ್ನ "ಗಾಡಿ ಎಲ್ಲಿಂದ ತಂದೆ" ಅಂತ ಕೇಳ್ತಾರೆ ಅಂತ ನಾನು ಹೇಳಬೇಕಿಲ್ಲ. ಅದಕ್ಕೇ ನಮ್ಮ ಹುಡುಗರ ಗಾಡೀಲಿ ಒಂದು ಬೋಲ್ಟೂ ನಿಯಮ ಮೀರಿರಬಾರದು.

ಆದ್ರೆ ದಂಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಓದಿ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯರಿಗೆ ಬೆಳಕು ಕುಕ್ಕಬಾರದು ಅಂತದೆ. ಹೆಚ್ಚುಕಮ್ಮಿ ನಮ್ಮ ಅಕ್ಕ-ತಂಗಿಯರ ಕಣ್ಣಿನ ಎತ್ತರ ಅದು. ಬೆಳಗಿನ ಜಾವ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಮೂಟೆ ಇಳಿಸೋಕೆ ಹೋಗೋರು, ಪೊರಕೆ ಹಿಡಿದು ರಸ್ತೆಗೆ ಇಳಿಯೋ ಪೌರಕಾರ್ಮಿಕರು, ಎಲ್ಲಾ ನಡಕೊಂಡೇ ಬರ್ತಾರೆ. ಲಾರಿಯೋನು ನಮ್ಮ ಕಣ್ಣಿಗೆ ಮಾಡಿದ್ದನ್ನ ನಾವು ಅವರ ಕಣ್ಣಿಗೆ ಮಾಡೋದಾ? ಅದೂ 2017ರ ಏಪ್ರಿಲ್‌ನಿಂದ ಬಂದ ಹೊಸ ದ್ವಿಚಕ್ರಗಳಲ್ಲಿ ಹೆಡ್‌ಲೈಟು ಗಾಡಿ ಜೊತೆಗೇ ಹೊತ್ತುಕೊಳ್ತದೆ, ಆರಿಸೋ ಸ್ವಿಚ್ಚೇ ಇಲ್ಲ.

ಕೊನೆಗೆ ಹಾಕಿದ್ದು 30 ವ್ಯಾಟಿನ ಪ್ರೊಜೆಕ್ಟರ್ ದೀಪ. ಹೈ-ಲೋ ಬೇರೆ ಬೇರೆ, ಲೋ ಬೀಮಿಗೆ ಗೆರೆ ಎಳೆದಂಗೆ ಕಟ್-ಆಫ್. ನೀಲಿ ಬಿಳುಪು ಬೇಡ, ಧೂಳಲ್ಲಿ ಮಂಜಲ್ಲಿ ಅದು ವಾಪಸ್ ನಮ್ಮ ಕಣ್ಣಿಗೇ ಹೊಡೀತದೆ. ವೈರ್ ಕತ್ತರಿಸದೆ ಕಪ್ಲರ್ ಹಾಕಿಸಿ, ಫ್ಯೂಸ್ ಮರೀಬೇಡಿ. ಆಮೇಲೆ ರಾತ್ರಿ ಅಂಬೇಡ್ಕರ್ ಭವನದ ಗೋಡೆಗೆ 10 ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದ ಗೆರೆ ಎಳೆದ್ವಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ ಅರ್ಧ ಗೇಣು ಕೆಳಗಿರಬೇಕು. ಡರ್ಟ್ ಬೈಕಿನ ಹಿಂದಿನ ಶಾಕ್ ಉದ್ದ ಇರ್ತದೆ. ಹಿಂದೆ ಒಬ್ಬರು ಕೂತ್ರೆ ಹಿಂಭಾಗ ಕುಸಿದು ದೀಪ ಮೇಲೆದ್ದು ನೋಡ್ತದೆ. ಅದಕ್ಕೆ ಇಬ್ಬರು ಕೂತೇ ತಿರುಪು ಬಿಗಿ ಮಾಡಿದ್ವಿ.

ಈ ಲೈಟು ಹುಡುಕುವಾಗ ಕಲಿತ ಎರಡು ಪದ: ಲುಮೆನ್, ಲಕ್ಸ್. ದೀಪ ಒಟ್ಟು ಎಷ್ಟು ಬೆಳಕು ಸುರೀತದೆ ಅನ್ನೋದು ಲುಮೆನ್, ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿ ಇರೋದು ಅದೇ. ನಮಗೆ ಬೇಕಾದ ಜಾಗದಲ್ಲಿ ಎಷ್ಟು ಬಿತ್ತು ಅನ್ನೋದು ಲಕ್ಸ್. ಓದಿದ ತಕ್ಷಣ ನನಗೆ ಬಜೆಟ್ ನೆನಪಾಯ್ತು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕಂತೆ ಶೇ 24.1 ಪಾಲು ತೆಗೆದಿಡಬೇಕು. ಅದು ಲುಮೆನ್. ಆದ್ರೆ 7(ಡಿ) ಕಲಂ ತೋರಿಸಿ ಎಲ್ಲರೂ ಓಡಾಡೋ ಕಾಮಗಾರಿಗೂ ನಮ್ಮ ಲೆಕ್ಕದಲ್ಲೇ ದುಡ್ಡು ಬರೆದ್ರು. ಹೋರಾಡಿದ ಮೇಲೆ 2023ರಲ್ಲಿ ಆ ಕಲಂ ಹೋಯ್ತು. ಆದ್ರೂ ಕೇರಿಗೆ ಎಷ್ಟು ಬಿತ್ತು ಅಂತ ಅಳೆಯೋ ಕೆಲಸ ನಮ್ಮದೇ.

ಹುಡುಗನ ಹೆಡ್‌ಲೈಟು ಹುಡುಗನಿಗೆ ದಾರಿ ತೋರಿಸ್ತದೆ. ನಡಕೊಂಡು ಹೋಗೋ ತಾಯಂದಿರ ಹಣೆಗೆ ದೀಪ ಕಟ್ಟೋಕಾಗಲ್ಲ, ಅವರಿಗೆ ಕಂಬಾನೇ ಬೇಕು. ಭಾನುವಾರ ರಾತ್ರಿ ಏಳಕ್ಕೆ ಬನ್ನಿ. ಊರಿನಿಂದ ಕೇರಿ ಕೊನೇವರೆಗೆ ನಡೆದು ಉರಿಯೋ ಕಂಬ ಎಷ್ಟು, ಇಲ್ಲದ ಜಾಗ ಎಷ್ಟು ಎಣಿಸಿ ಬರೆದುಕೊಳ್ಳೋಣ. ನಾಲ್ಕನೇ ಅರ್ಜಿ ಆ ಲೆಕ್ಕದ ಜೊತೆ ಹೋಗ್ತದೆ, ಹಿಂದೇನೇ ಮಾಹಿತಿ ಹಕ್ಕಿನ ಅರ್ಜಿ. ಬೈಕಲ್ಲಿ ಬರೋರು ಲೋ ಬೀಮಲ್ಲಿ ಬನ್ನಿ.

ಜೈಭೀಮ್.