ಇಬ್ಬರು ಗಾಲಿಬರು

ಅಂಚೆಚೀಟಿ ಸಂಗ್ರಹಿಸುವವರಲ್ಲಿ ಹಲವು ಪಂಗಡಗಳಿವೆ. ಹಕ್ಕಿಯ ಚಿತ್ರವಿದ್ದರೆ ಸಾಕೆನ್ನುವವರು, ರೈಲಿನವನ್ನೇ ಹುಡುಕುವವರು, ಗಾಂಧೀಜಿಯ ಮುಖ ಎಲ್ಲಿ ಕಂಡರೂ ಕೊಳ್ಳುವವರು. ನನ್ನ ಪಂಗಡ ಸಣ್ಣದು. ಎರಡೋ ಮೂರೋ ದೇಶಗಳು ಮೊದಲೇ ಮಾತಾಡಿಕೊಂಡು, ಒಂದೇ ವಿಷಯದ ಮೇಲೆ, ಸಾಮಾನ್ಯವಾಗಿ ಒಂದೇ ದಿನ ಹೊರತರುವ ಚೀಟಿಗಳಷ್ಟೇ ನಮಗೆ ಬೇಕು. ಇವನ್ನು ಜಂಟಿ ಅಂಚೆಚೀಟಿ ಎನ್ನುತ್ತಾರೆ. ಚಿತ್ರ ಒಂದೇ ಇರಬಹುದು. ದೇಶದ ಹೆಸರು, ಲಿಪಿ, ಬೆಲೆ ಬೇರೆ ಬೇರೆ. ಎರಡೂ ದೇಶಗಳ ಚೀಟಿಗಳು ಒಂದೇ ಲಕೋಟೆಯ ಮೇಲಿದ್ದು, ಎರಡೂ ಕಡೆಯ ಮೊದಲ ದಿನದ ಠಸ್ಸೆ ಬಿದ್ದಿದ್ದರೆ ನಮ್ಮವರಿಗೆ ಅಂದು ಹಬ್ಬ. ಅಂಥದ್ದು ಸಿಗುವುದೇ ಕಷ್ಟ. ಸಿಕ್ಕರೂ ಬೆಲೆ ಕೇಳಿದ ಮೇಲೆ ಜೇಬಿಗೆ ಹೋದ ಕೈ ಬರಿದಾಗಿಯೇ ಹೊರಗೆ ಬರುತ್ತದೆ.

ಹೆಬ್ಬೆರಳಿನಷ್ಟು ಜಾಗದಲ್ಲಿ ಯಾವ ಚಿತ್ರ ಇರಬೇಕೆಂದು ಎರಡು ಸರಕಾರಗಳು ಒಪ್ಪಬೇಕು. ಇಬ್ಬರಿಗೂ ನೋಯದ ಚಿತ್ರ ಬೇಕು. ಆದ್ದರಿಂದ ಅಲ್ಲಿ ಯುದ್ಧವಿಲ್ಲ, ಗಡಿಯಿಲ್ಲ. ಹೂವು, ಹಕ್ಕಿ, ಕುಣಿತ, ಹಳೆಯ ಕಟ್ಟಡ, ಎಂದೋ ತೀರಿಹೋದ ಕವಿ, ಇಷ್ಟೇ. ಕತೆ ಬರೆಯುವವನಾದ ನನಗೆ ಚಿತ್ರಕ್ಕಿಂತ ಕುತೂಹಲ ಹುಟ್ಟಿಸುವುದು ಯಾರು ಯಾರೊಂದಿಗೆ ಒಪ್ಪಿದರು ಎನ್ನುವ ಸಂಗತಿ.

1956ರಲ್ಲಿ ಯುರೋಪಿನ ಆರು ದೇಶಗಳು ಒಂದೇ ಚಿತ್ರದ ಚೀಟಿ ತಂದವು. ‘ಯುರೋಪಾ’ ಎಂಬ ಪದದ ಅಕ್ಷರಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಪುರ, ಸುತ್ತ ಸಾರುವೆ. ಆ ಆರರಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಎರಡೂ ಇದ್ದವು. ಮಹಾಯುದ್ಧ ಮುಗಿದು ಆಗಿನ್ನೂ ಹನ್ನೊಂದು ವರ್ಷ. 1959ರಲ್ಲಿ ಅಮೆರಿಕ ಮತ್ತು ಕೆನಡಾ ಸೇಂಟ್ ಲಾರೆನ್ಸ್ ಜಲಮಾರ್ಗದ ಉದ್ಘಾಟನೆಗೆ ಒಂದೇ ವಿನ್ಯಾಸದ ಚೀಟಿ ತಂದಾಗ ಕೆನಡಾದ ಕೆಲವೇ ನೂರು ಚೀಟಿಗಳಲ್ಲಿ ನಡುವಿನ ಭಾಗ ತಲೆಕೆಳಗಾಗಿ ಅಚ್ಚಾಯಿತು. ಇಂದು ಅವುಗಳ ಬೆಲೆ ವಿಪರೀತ. ಸರಿಯಾಗಿ ಅಚ್ಚಾದದ್ದನ್ನು ಕೇಳುವವರಿಲ್ಲ!

ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ಮಾತ್ರ ಯುರೋಪಲ್ಲ, ನಾನಿಯ ಬಿಸ್ಕತ್ತಿನ ಡಬ್ಬಿ. ಪೊಲೀಸ್ ಕಾರ್ಯಾಚರಣೆಯ ನಂತರ ನಾನಿಯ ತಂಗಿ ಗಂಡನ ಮನೆಯವರ ಜೊತೆ ಕಲಬುರಗಿ ಬಿಟ್ಟು ಕರಾಚಿಗೆ ಹೋದರು. ನಾವು ಅವರನ್ನು ಛೋಟಿ ನಾನಿ ಎನ್ನುತ್ತಿದ್ದೆವು, ನೋಡಿದವರು ಯಾರೂ ಇಲ್ಲ. ನಾನಿಗೆ ಖುರಾನ್ ಓದಲು ಬರುತ್ತಿತ್ತು, ಕೈಬರಹದ ಉರ್ದು ಓದಲು ಬರುತ್ತಿರಲಿಲ್ಲ. ಉರ್ದು ಶಾಲೆಗೆ ಹೋಗುತ್ತಿದ್ದ ನಾನೇ ಅವರಿಗೆ ಪತ್ರ ಓದಿ ಹೇಳುವವನು. ಹೊಸ ಪತ್ರ ಬಾರದ ತಿಂಗಳಲ್ಲಿ ಡಬ್ಬಿ ತೆಗೆದು ಹಳೆಯವನ್ನೇ ಮತ್ತೆ ಓದಿಸುತ್ತಿದ್ದರು. ಯಾರ ಮದುವೆಯಾಯಿತು, ಯಾರು ತೀರಿಕೊಂಡರು, ಈ ಸಲದ ಮಾವಿನ ಉಪ್ಪಿನಕಾಯಿ ಹೇಗೆ ಕೆಟ್ಟಿತು, ಅಂಗಳದ ಬೇವಿನ ಮರ ಇನ್ನೂ ಇದೆಯೇ. ಬೇರೆ ಏನೂ ಇಲ್ಲ. ಪತ್ರವನ್ನು ದಾರಿಯಲ್ಲಿ ಒಡೆದು ನೋಡುತ್ತಾರೆ ಎಂಬ ಭಯ ಎರಡೂ ಮನೆಗಳಲ್ಲಿತ್ತು. ಹೀಗಾಗಿ ಇಬ್ಬರು ಅಕ್ಕತಂಗಿಯರು ಜೀವನಪರ್ಯಂತ ಉಪ್ಪಿನಕಾಯಿಯ ಬಗ್ಗೆ ಬರೆದುಕೊಂಡರು.

1965ರ ಯುದ್ಧದಲ್ಲಿ ಅಂಚೆ ನಿಂತಿತು, 1971ರಲ್ಲಿ ಮತ್ತೆ ನಿಂತಿತು. ಎರಡನೆಯ ಸಲ ಅದು ತೆರೆಯಬೇಕಾದರೆ 1974 ಬರಬೇಕಾಯಿತು. ಆ ನಡುವಿನ ಎರಡು ಪತ್ರಗಳು ಬಹರೇನಿನಲ್ಲಿದ್ದ ನೆಂಟರ ಮೂಲಕ ಬಂದವು. ಅವುಗಳ ಮೇಲಿರುವುದು ಬಹರೇನಿನ ಚೀಟಿ. 1974ರ ನಂತರದ ಲಕೋಟೆಗಳ ಮೇಲೆ ಗುಲಾಬಿ, ರತ್ನಗಂಬಳಿ ಮುಂತಾದ ಚೆಂದದ ಚಿತ್ರಗಳು. ಮೂಲೆಯಲ್ಲಿ ‘ಆರ್‌ಸಿಡಿ’ ಎಂಬ ಮೂರಕ್ಷರ. ಅದೇನೆಂದು ತಿಳಿದದ್ದು ದೊಡ್ಡವನಾದ ಮೇಲೆ. 1964ರ ಜುಲೈ 21ರಂದು ಇರಾನ್, ಪಾಕಿಸ್ತಾನ, ತುರ್ಕಿ ಸೇರಿ ಕಟ್ಟಿದ ಸಹಕಾರ ಒಕ್ಕೂಟ ಅದು. ಮರುವರ್ಷದಿಂದ 1979ರ ತನಕ ಮೂರೂ ದೇಶಗಳು ಒಟ್ಟಾಗಿ ಚೀಟಿ ತಂದವು. 1971ರಲ್ಲಿ ಮೂರು ಮಸೀದಿಗಳು: ಎದಿರ್ನೆಯ ಸೆಲಿಮಿಯೆ, ಲಾಹೋರಿನ ಬಾದಶಾಹಿ, ಇಸ್ಫಹಾನಿನ ಚಹಾರ್‌ಬಾಗ್. ಆ ವರ್ಷ ಪೂರ್ವ ಪಾಕಿಸ್ತಾನದಲ್ಲಿ ನೆತ್ತರು ಹರಿಯುತ್ತಿತ್ತು. ಅದಕ್ಕೂ ಹಿಂದಿನ ಪಾಕಿಸ್ತಾನದ ಚೀಟಿಗಳಲ್ಲಿ ಉರ್ದುವಿನ ಜೊತೆ ಬಂಗಾಳಿ ಅಕ್ಷರಗಳೂ ಇವೆ. ಆಮೇಲಿನವುಗಳಲ್ಲಿ ಇಲ್ಲ. ಒಂದು ದೇಶ ಒಡೆದದ್ದನ್ನು ಆಲ್ಬಮ್ಮಿನ ಎರಡು ಪುಟಗಳ ನಡುವೆ ಹೀಗೆ ನೋಡಬಹುದು.

1976ರ ಸರಣಿಯಲ್ಲಿ ಜಿನ್ನಾ, ಅತಾತುರ್ಕ್ ಮತ್ತು ಇರಾನಿನ ರೆಜಾ ಶಾ ಸಾಲಾಗಿದ್ದಾರೆ. ಮರುವರ್ಷ ಪಾಕಿಸ್ತಾನದಲ್ಲಿ ಸೇನೆ ಅಧಿಕಾರ ಹಿಡಿಯಿತು. 1979ರಲ್ಲಿ ರೆಜಾ ಶಾನ ಮಗ ದೇಶ ಬಿಟ್ಟು ಓಡಿದ, ಒಕ್ಕೂಟವೂ ಮುಗಿಯಿತು. 1980ರಲ್ಲಿ ತುರ್ಕಿಯಲ್ಲೂ ಸೇನೆ ಬಂತು. ಛೋಟಿ ನಾನಿಗೆ ಇದ್ಯಾವುದರ ಗೊಡವೆ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಕೊಟ್ಟದ್ದನ್ನು ಅಂಟಿಸಿದರು, ಅಷ್ಟೇ.

ಭಾರತವೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 1995ರಲ್ಲಿ ದಕ್ಷಿಣ ಆಫ್ರಿಕದೊಂದಿಗೆ ಗಾಂಧಿ, 2002ರಲ್ಲಿ ಜಪಾನಿನೊಂದಿಗೆ ಕಥಕಳಿ ಮತ್ತು ಕಬುಕಿ, 2003ರಲ್ಲಿ ದಕ್ಷಿಣ ಕೊರಿಯದೊಂದಿಗೆ ಜಂತರ್ ಮಂತರ್ ಮತ್ತು ಅವರ ಹಳೆಯ ವೀಕ್ಷಣಾಲಯ. ಇವುಗಳಲ್ಲಿ ಕೆಲವು ರಾಯಭಾರ ಕಚೇರಿಯ ಚಹಾಕೂಟದಂತೆ ಸಪ್ಪೆ. ಕೆಲವು ಹಾಗಲ್ಲ. 1981ರಲ್ಲಿ ಭಾರತ ತಾನೊಂದೇ ಒಂದು ಚೀಟಿ ತಂದಿತ್ತು: ಪ್ಯಾಲೆಸ್ತೀನಿ ಜನರಿಗೆ ಬೆಂಬಲವಾಗಿ, ಎರಡೂ ಧ್ವಜಗಳ ಚಿತ್ರದೊಂದಿಗೆ. 2012ರಲ್ಲಿ ಇಸ್ರೇಲಿನೊಂದಿಗೆ ಜಂಟಿಯಾಗಿ ತಂದದ್ದರಲ್ಲಿ ದೀಪಾವಳಿ ಮತ್ತು ಹನುಕ್ಕಾ ಹಬ್ಬಗಳ ದೀಪಗಳು. ದೀಪಗಳ ಮೇಲೆ ನನಗೇನೂ ಮುನಿಸಿಲ್ಲ. ಆದರೆ ಮೂವತ್ತೊಂದು ವರ್ಷಗಳಲ್ಲಿ ನಾವು ಎಲ್ಲಿಂದ ಎಲ್ಲಿಗೆ ಬಂದೆವು ಎಂಬುದನ್ನು ಈ ಎರಡು ಚೀಟಿಗಳಷ್ಟು ಚುಟುಕಾಗಿ ಹೇಳಿದ್ದು ಬೇರೊಂದಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 2004ರಲ್ಲಿ ಭಾರತ ಮತ್ತು ಇರಾನ್ ತಂದ ಜೋಡಿ. ಒಂದರಲ್ಲಿ ಹಾಫಿಜ್, ಇನ್ನೊಂದರಲ್ಲಿ ಕಬೀರ. ಕಲಬುರಗಿಯವರಿಗೆ ಹಾಫಿಜ್ ಮೇಲೆ ಒಂದು ಹಳೆಯ ಹಕ್ಕಿದೆ. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾನ ಕಾಲದಲ್ಲಿ ಈ ಕವಿಗೆ ನಮ್ಮೂರಿನಿಂದ ಆಹ್ವಾನ ಹೋಗಿತ್ತು, ದಾರಿ ಖರ್ಚಿಗೆ ಹಣವೂ ಹೋಗಿತ್ತು. ಅವರು ಶಿರಾಜಿನಿಂದ ಹೊರಟು ಹೊರ್ಮುಜ್ ತಲುಪಿ ಹಡಗನ್ನೂ ಹತ್ತಿದರಂತೆ. ಬಿರುಗಾಳಿ ಎದ್ದಿತು. ಏನೋ ನೆಪ ಹೇಳಿ ಇಳಿದವರು ಒಂದು ಗಜಲ್ ಕಳಿಸಿ ಊರಿಗೆ ಮರಳಿದರು. ಸುಮಾರು ಎರಡು ಶತಮಾನಗಳ ನಂತರ ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫರಿಶ್ತಾ ಹೇಳುವ ಕತೆ ಇದು. ಆಗ ಬಾರದವರು ಕಬೀರರ ಜೊತೆಗೂಡಿ ನಮ್ಮ ಅಂಚೆ ಕಚೇರಿಯ ಕಿಟಕಿಗೆ ಬಂದರಲ್ಲ ಎಂದು ನಾನು ಎರಡು ಹಾಳೆ ಹೆಚ್ಚಿಗೆ ಕೊಂಡೆ.

ಭಾರತ ಮತ್ತು ಪಾಕಿಸ್ತಾನದ ಜಂಟಿ ಚೀಟಿ ನನ್ನ ಆಲ್ಬಮ್ಮಿನಲ್ಲಿಲ್ಲ. ಆದರೆ ಒಂದು ಪುಟ ಇದೆ. ಗಾಲಿಬ್ ತೀರಿಕೊಂಡು ನೂರು ವರ್ಷವಾದಾಗ, 1969ರಲ್ಲಿ, ಭಾರತ ಅವರ ಚೀಟಿ ತಂದಿತು. ಅದೇ ವರ್ಷ ಪಾಕಿಸ್ತಾನವೂ ತಂದಿತು. ಆಗ್ರಾದಲ್ಲಿ ಹುಟ್ಟಿ ದೆಹಲಿಯಲ್ಲಿ ಮಣ್ಣಾದ ಒಬ್ಬನೇ ಕವಿ, ಎರಡು ದೇಶ, ನಡುವೆ ಮಾತುಕತೆ ಇಲ್ಲ. 1975ರಲ್ಲಿ ಅಮೀರ್ ಖುಸ್ರೋ ವಿಷಯದಲ್ಲೂ ಹೀಗೇ ಆಯಿತು. ಕಬೀರ ಮತ್ತು ಹಾಫಿಜ್ ಎಂಬ ಇಬ್ಬರು ಕವಿಗಳಿಗೆ ಎರಡು ದೇಶಗಳು ಒಪ್ಪಿದವು. ಒಬ್ಬ ಗಾಲಿಬನಿಗೆ ಒಪ್ಪಲಾಗಲಿಲ್ಲ. ಈ ನಾಲ್ವರನ್ನೂ ಒಂದೇ ಪುಟದಲ್ಲಿ ಜೋಡಿಸಿಟ್ಟಿದ್ದೇನೆ: ಎಡಕ್ಕೆ ನಮ್ಮ ಗಾಲಿಬ್ ಮತ್ತು ಖುಸ್ರೋ, ಬಲಕ್ಕೆ ಅವರ ಗಾಲಿಬ್ ಮತ್ತು ಖುಸ್ರೋ.

ಈ ಕಲೆಯಲ್ಲಿ ಪಳಗಿದ ಹಿರಿಯರೊಬ್ಬರು ಆ ಪುಟ ನೋಡಿ, “ಇವು ಜಂಟಿ ಅಲ್ಲರೀ ಸರ, ತೆಗೀರಿ. ಪ್ರದರ್ಶನಕ್ಕಿಟ್ರ ಮಾರ್ಕ್ ಕಡಿಮಿ ಮಾಡ್ತಾರ” ಅಂದರು. ನಿಯಮದ ಪ್ರಕಾರ ಅವರ ಮಾತು ಸರಿ. ನಾನು ತೆಗೆದಿಲ್ಲ, ಪ್ರದರ್ಶನಕ್ಕೂ ಇಟ್ಟಿಲ್ಲ.

ಇಬ್ಬರು ನಾನಿಯರೂ ಈಗಿಲ್ಲ. ಮೊಮ್ಮಕ್ಕಳು ವಾಟ್ಸಪ್ಪಿನಲ್ಲಿ ಈದ್ ಮುಬಾರಕ್ ಕಳಿಸಿಕೊಳ್ಳುತ್ತಾರೆ, ಅದೂ ಎಲ್ಲ ವರ್ಷ ಅಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗರ ಕೊಲೆಯಾದ ನಂತರ, ಮೇ ತಿಂಗಳಲ್ಲಿ ಭಾರತ ಸರಕಾರ ಪಾಕಿಸ್ತಾನದೊಂದಿಗೆ ಪತ್ರ, ಪಾರ್ಸೆಲ್‌ಗಳ ವಿನಿಮಯವನ್ನೆಲ್ಲ ನಿಲ್ಲಿಸಿತು. ಹಿಂದೆ ಹೀಗಾದಾಗ ನಾನಿ ಊಟ ಬಿಟ್ಟಿದ್ದರು ಎಂದು ಅಮ್ಮಿ ಹೇಳುತ್ತಿದ್ದರು. ಈ ಸಲ ನಮ್ಮ ಮನೆಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಪತ್ರಿಕೆಯಲ್ಲಿ ಓದಿ ನಾನೇ ಹೇಳಿದಾಗ ಮಗಳು, “ಪತ್ರ ಅಲ್ಲಿಗೆ ಹೋಗ್ತಿತ್ತಾ ಅಬ್ಬಾ?” ಎಂದು ಕೇಳಿದಳು. ಡಬ್ಬಿ ಇಳಿಸಿ ತೋರಿಸಿದೆ. ಅವಳಿಗೆ ಉರ್ದು ಓದಲು ಬಾರದು. ಉಪ್ಪಿನಕಾಯಿಯ ಪತ್ರವನ್ನು ಓದಿ, ಕನ್ನಡದಲ್ಲಿ ಹೇಳಿದೆ.